ಪ್ಲಾಂಟಿನ ಕೀಲಿ ಕೊಡುವ ಮೊದಲು ಕೆಲಸ ಕಲಿಸಿ

ಗ್ರಾಮೀಣಾಭಿವೃದ್ಧಿ, ನಗರಾಭಿವೃದ್ಧಿ ಮತ್ತು ಕೌಶಲ್ಯಾಭಿವೃದ್ಧಿ ಇಲಾಖೆಗಳ ಮಾನ್ಯ ಸಚಿವರಿಗೆ, ಕಾರ್ಯದರ್ಶಿಗಳಿಗೆ, ಮತ್ತು ದಿನಾ ನಲ್ಲಿ ತಿರುಗಿಸಿ ನೀರು ಹಿಡಿಯುವ ಎಲ್ಲರಿಗೂ ನಮಸ್ಕಾರ.

ನಾನು ತುಂಗಭದ್ರೆ ದಂಡೆಯ ಒಂದು ಪಟ್ಟಣದಲ್ಲಿ ಕುಡಿಯುವ ನೀರಿನ ಪ್ಲಾಂಟ್ ನಡೆಸುವ ಆಪರೇಟರ್. ಇದಕ್ಕೂ ಮೊದಲು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ಶಿಫ್ಟ್ ಕೆಲಸ ಮಾಡಿದ್ದೇನೆ. ನೀರು ಮನೆಗೆ ಬರುವ ದಾರಿಯನ್ನೂ ನೋಡಿದ್ದೇನೆ, ಮನೆಯಿಂದ ಹೊರಗೆ ಹೋಗುವ ದಾರಿಯನ್ನೂ ನೋಡಿದ್ದೇನೆ. ಎರಡೂ ಕಡೆ ಒಂದೇ ಕಥೆ. ಪ್ಲಾಂಟ್ ಕಟ್ಟಲು ಕೋಟಿಗಟ್ಟಲೆ ದುಡ್ಡು ಬರುತ್ತದೆ. ಅದನ್ನು ಹಗಲು ರಾತ್ರಿ ನಡೆಸುವ ಮನುಷ್ಯನಿಗೆ ಕೆಲಸ ಕಲಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ನಾನು ಕೇಳುವುದು ಇಷ್ಟೇ. ಕೈಯಾರೆ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಪಾಸಾಗದೆ ಯಾರ ಕೈಗೂ ನೀರಿನ ಪ್ಲಾಂಟಿನ ಕೀಲಿ ಕೊಡಬೇಡಿ. ಎಸ್‌ಟಿಪಿಯ ಕೀಲಿಯೂ ಬೇಡ, ಹಳ್ಳಿಯ ಓವರ್‌ಹೆಡ್ ಟ್ಯಾಂಕಿನ ಕೀಲಿಯೂ ಬೇಡ. ಆ ಪರೀಕ್ಷೆಗೆ ಬೇಕಾದ ತರಬೇತಿಯನ್ನು ಕನ್ನಡದಲ್ಲಿ, ಪ್ಲಾಂಟಿನೊಳಗೇ, ಸಂಬಳ ಕೊಟ್ಟು ಕೊಡಿಸಿ.

ಈಗ ಹೇಗೆ ನಡೆಯುತ್ತಿದೆ ಅಂತ ಮೊದಲು ಹೇಳುತ್ತೇನೆ. ಪ್ಲಾಂಟ್ ನಡೆಸುವ ಕೆಲಸ ಹೆಚ್ಚಿನ ಕಡೆ ಟೆಂಡರ್ ಮೇಲೆ ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿಯವರು ಊರಿನ ಹುಡುಗರನ್ನು ತೆಗೆದುಕೊಳ್ಳುತ್ತಾರೆ. ಕೆಲವರು ಐಟಿಐ ಫಿಟ್ಟರ್, ಕೆಲವರು ಎಲೆಕ್ಟ್ರಿಷಿಯನ್, ಕೆಲವರು ಎಸ್‌ಎಸ್‌ಎಲ್‌ಸಿ. ಒಳ್ಳೆಯ ಹುಡುಗರೇ. ಹಳೆಯವನೊಬ್ಬ ಒಂದೆರಡು ದಿನ ಜೊತೆಗಿದ್ದು ಯಾವ ಸ್ವಿಚ್ ಯಾವ ಮೋಟಾರಿನದು, ಯಾವ ವಾಲ್ವ್ ಯಾವ ಕಡೆ ತಿರುಗಿಸಬೇಕು ಅಂತ ತೋರಿಸುತ್ತಾನೆ. ಆಮೇಲೆ ರಾತ್ರಿ ಪಾಳಿಗೆ ಒಬ್ಬನೇ. ಏನಾದರೂ ಹೆಚ್ಚು ಕಮ್ಮಿ ಆದರೆ ಫೋನ್ ಮಾಡು ಅಂತಾರೆ. ಆದರೆ ಹೆಚ್ಚು ಕಮ್ಮಿ ಆಗಿದೆ ಅಂತ ಅವನಿಗೆ ಗೊತ್ತಾಗುವುದು ಹೇಗೆ? ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನೂ ಹೀಗೇ ಕೆಲಸಕ್ಕೆ ಬಂದವನು.

ಮೋಟಾರ್ ಹಾಕುವುದು, ಆರಿಸುವುದು ಇಷ್ಟೇ ಕೆಲಸವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆ ಕೆಲಸವನ್ನು ಟೈಮರ್ ಮಾಡುತ್ತದೆ. ಆಪರೇಟರ್ ಬೇಕಾಗುವುದು ನೀರು ಬದಲಾದಾಗ.

ಹೊಳೆಗೆ ಹೊಸ ನೀರು ಬರುವ ವಾರವನ್ನೇ ತೆಗೆದುಕೊಳ್ಳಿ. ಮಲೆನಾಡಿನಲ್ಲಿ ಮುಂಗಾರು ಹಿಡಿದರೆ ಹೊಳೆಯಿಂದ ನೀರೆತ್ತುವ ನಮ್ಮ ಜಾಕ್‌ವೆಲ್ ಬಾವಿಗೆ ನೀರು ಕೆಂಪಗೆ, ಮಂದವಾಗಿ ಬರುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ಸಲ್ಲುವುದಿಲ್ಲ. ಬೇಸಿಗೆಯಲ್ಲಿ ಲೀಟರಿಗೆ 15-20 ಮಿಲಿಗ್ರಾಂ ಆಲಮ್, ಅಂದರೆ ಕೆಸರು ತಳಕ್ಕಿಳಿಸುವ ಪಟಿಕ, ಸಾಕಾಗಿದ್ದ ನೀರಿಗೆ ಈಗ 60 ಬೇಕಾಗಬಹುದು. ಎಷ್ಟು ಬೇಕು ಅಂತ ಊಹೆಯ ಮೇಲೆ ಹೇಳಲು ಆಗದು. ಅದಕ್ಕೆ ಜಾರ್ ಟೆಸ್ಟ್ ಮಾಡಬೇಕು. ಆರು ಗಾಜಿನ ಬೀಕರ್‌ಗಳಲ್ಲಿ ಒಂದೊಂದು ಲೀಟರ್ ಹೊಳೆ ನೀರು. ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಆಲಮ್. ಮೊದಲು ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಧಾನಕ್ಕೆ. ಆಗ ನೋಡುತ್ತಾ ನಿಂತರೆ ನೀರಿನೊಳಗೆ ಸಣ್ಣ ಸಣ್ಣ ಹಿಂಜು ಕಟ್ಟಿಕೊಳ್ಳುವುದು ಕಾಣುತ್ತದೆ. ಅದಕ್ಕೆ ಫ್ಲಾಕ್ ಅನ್ನುತ್ತೇವೆ. ಮಿಷನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಒಂದು ಬೀಕರ್‌ನಲ್ಲಿ ಹಿಂಜೆಲ್ಲ ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿರುತ್ತದೆ. ಇನ್ನೊಂದರಲ್ಲಿ ಹಿಂಜೇ ಕಟ್ಟಿರುವುದಿಲ್ಲ. ಮತ್ತೊಂದರಲ್ಲಿ ಆಲಮ್ ಜಾಸ್ತಿಯಾಗಿ ನೀರು ಮತ್ತೆ ಮಸುಕಾಗಿರುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಅಂತ ಹೊಸಬರು ಅಂದುಕೊಂಡಿರುತ್ತಾರೆ. ಅದು ತಪ್ಪು ಅಂತ ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ತಲೆಗೆ ಹೋಗುವುದಿಲ್ಲ. ಆರು ಬೀಕರ್ ಸಾಲಾಗಿಟ್ಟು ತೋರಿಸಿದರೆ ಒಂದೇ ಬಾರಿಗೆ ಹೋಗುತ್ತದೆ. ಮುಖದಲ್ಲೇ ಗೊತ್ತಾಗುತ್ತದೆ.

ನಾನು ನೋಡಿದ ಒಂದು ಘಟಕದಲ್ಲಿ ಜಾರ್ ಟೆಸ್ಟ್ ಮಿಷನ್ ಪ್ಯಾಕಿಂಗ್ ಸಮೇತ ಬೀರುವಿನಲ್ಲಿತ್ತು. ಅದನ್ನು ಬಳಸುವುದು ಯಾರಿಗೂ ಗೊತ್ತಿರಲಿಲ್ಲ. ಆಲಮ್ ಅನ್ನು ಬುಟ್ಟಿ ಲೆಕ್ಕದಲ್ಲಿ ಹಾಕುತ್ತಿದ್ದರು.

ಆಲಮ್ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಕೆಳಗಿಳಿಯದ ಕೆಸರು ಮರಳಿನ ಫಿಲ್ಟರ್ ಬೆಡ್ ಮೇಲೆ ಕೂರುತ್ತದೆ. ಬ್ಯಾಕ್‌ವಾಷ್, ಅಂದರೆ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಮರಳು ತೊಳೆಯುವುದನ್ನು, ಸರಿಯಾಗಿ ಮಾಡದಿದ್ದರೆ ಮರಳು ಕೆಸರು ಸೇರಿ ಉಂಡೆ ಕಟ್ಟುತ್ತದೆ. ನೀರು ಆ ಉಂಡೆಗಳ ಸಂದಿಯಲ್ಲಿ ಸುಲಭದ ದಾರಿ ಹುಡುಕಿಕೊಂಡು ಸೋಸದೆಯೇ ಹೋಗಿಬಿಡುತ್ತದೆ. ಹಾಗೆ ಹೋದ ಮಸುಕು ನೀರಿಗೆ ಕ್ಲೋರಿನ್ ಹಾಕಿದರೆ ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ನೀರಿನ ಮಸುಕು 1 ಎನ್‌ಟಿಯು (ಮಸುಕು ಅಳೆಯುವ ಮಾನ) ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 5ರವರೆಗೆ ಬಿಡಬಹುದು. ಈ ಅಂಕಿ ಯಾಕೆ ಇಟ್ಟಿದ್ದಾರೆ ಅಂತ ಗೊತ್ತಿರುವ ಆಪರೇಟರ್ ಬ್ಯಾಕ್‌ವಾಷ್ ತಪ್ಪಿಸುವುದಿಲ್ಲ. ಸುಮ್ನೆ ರಿಜಿಸ್ಟರ್‌ನಲ್ಲಿ ಬರೆಯಬೇಕಾದ ಅಂಕಿ ಅಂದುಕೊಂಡವನು ನಿನ್ನೆಯದನ್ನೇ ಇವತ್ತೂ ಬರೆಯುತ್ತಾನೆ.

ಇನ್ನು ಹಳ್ಳಿ. ನಮ್ಮಲ್ಲಿ ನೀರಗಂಟಿ, ವಾಟರ್‌ಮನ್ ಅಂತ ಕರೆಯುವ ಪಂಚಾಯಿತಿ ನೌಕರನಿಗೆ ಬೋರ್‌ವೆಲ್, ಟ್ಯಾಂಕು, ಪೈಪು, ವಾಲ್ವು ಎಲ್ಲವೂ ಸೇರಿದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವವನೂ ಅವನೇ. ಎಷ್ಟು ಹಾಕುತ್ತೀಯಪ್ಪಾ ಅಂದರೆ ಹಿಡಿ ತೋರಿಸುತ್ತಾನೆ. ಲೆಕ್ಕ ಕಷ್ಟದ್ದೇನಲ್ಲ. 50 ಸಾವಿರ ಲೀಟರಿನ ಟ್ಯಾಂಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕು ಅಂದರೆ ಒಟ್ಟು 100 ಗ್ರಾಂ. ಹೊಸ ಪೌಡರಿನಲ್ಲಿ ನೂರಕ್ಕೆ 33 ಪಾಲು ಕ್ಲೋರಿನ್ ಇದ್ದರೆ 300 ಗ್ರಾಂ ಪೌಡರ್ ಸಾಕು. ಅದೇ ಚೀಲವನ್ನು ಬಾಯಿ ಬಿಚ್ಚಿ ಪಂಪ್‌ಹೌಸಿನ ಮೂಲೆಯಲ್ಲಿ ಇಟ್ಟರೆ ಬಿಸಿಲು, ತೇವಕ್ಕೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ನೂರಕ್ಕೆ 15ಕ್ಕೆ ಇಳಿದರೆ ಹೆಚ್ಚುಕಡಿಮೆ 670 ಗ್ರಾಂ ಬೇಕು. ನೋಡಲು ಪೌಡರ್ ಅದೇ, ವಾಸನೆಯೂ ಒಂದಿಷ್ಟು ಇರುತ್ತದೆ. ಆದರೆ ಹಿಡಿಯ ಲೆಕ್ಕದಲ್ಲಿ ಅವನು ಹಾಕಿದ್ದು ಬೇಕಾದ್ದರಲ್ಲಿ ಅರ್ಧವೂ ಅಲ್ಲ. ಕೊನೆ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಮಾನದಂಡ. ಉಳಿದಿದೆಯೋ ಇಲ್ಲವೋ ತಿಳಿಯಲು ಕಿಟ್‌ನ ಪುಟ್ಟ ಕೊಳವೆಯಲ್ಲಿ ನೀರು ಹಿಡಿದು ಔಷಧಿ ಹಾಕಿ ಬಣ್ಣ ನೋಡಿದರೆ ಸಾಕು. ಕೆಲವೇ ನಿಮಿಷದ ಕೆಲಸ. ಇದನ್ನು ಟ್ಯಾಂಕಿನ ಬುಡದಲ್ಲಿ ನೋಡಿದರೆ ಉಪಯೋಗವಿಲ್ಲ, ಊರಿನ ಕೊನೆ ಮನೆಯಲ್ಲಿ ನೋಡಬೇಕು. ಪೌಡರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿ ಮಾತ್ರ ಹಾಕಬೇಕು. ಹಾಕಿ ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ವಾಲ್ವ್ ತೆಗೆಯಬೇಕು.

ಇಷ್ಟನ್ನು ಕಲಿಸಲು ಎಷ್ಟು ಹೊತ್ತು ಬೇಕು ಹೇಳಿ. ಒಂದು ಬೆಳಗ್ಗೆ ಸಾಕು, ಕೈಯಲ್ಲಿ ತಕ್ಕಡಿ ಮತ್ತು ಕಿಟ್ ಇದ್ದರೆ.

2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಜನ ಸತ್ತರು. ಎರಡೂ ಸಲ ಸಚಿವರು ಬಂದರು, ಪರಿಹಾರ ಘೋಷಣೆಯಾಯಿತು, ತನಿಖೆಗಳಾದವು. ತನಿಖೆ ಬೇಡ ಅನ್ನುತ್ತಿಲ್ಲ. ಇಂಥದ್ದು ಎಲ್ಲೇ ಆಗಲಿ, ತನಿಖೆ ಮಾಡುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು ಅಂತ ನನ್ನ ಆಸೆ. ಆ ನೀರನ್ನು ನೋಡಿಕೊಳ್ಳುತ್ತಿದ್ದವರಿಗೆ ಕೆಲಸ ಕಲಿಸಿದವರು ಯಾರು, ಯಾವತ್ತು, ಎಷ್ಟು ದಿನ? ಕಲಿಸದೆ ಕೆಲಸಕ್ಕೆ ಹಚ್ಚಿ, ತಪ್ಪಾದ ದಿನ ಅಮಾನತು ಮಾಡಿದರೆ ಅವನ ಜಾಗಕ್ಕೆ ಬರುವವನೂ ಕಲಿಯದವನೇ ಆಗಿರುತ್ತಾನೆ.

ಕೊಳಚೆ ನೀರಿನ ಕಡೆ ಬರುತ್ತೇನೆ. ಇದರ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಕಡಿಮೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿ ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲಿ, ಕಾರುಗಳ ಹಿಂದೆ ಇರುತ್ತದೆ. ಗಾಳಿ ಬೆಳಕು ಕಮ್ಮಿ. ಅಲ್ಲಿ ಕೊಳಚೆ ತಿನ್ನುವ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಏರೇಷನ್ ಟ್ಯಾಂಕಿನಲ್ಲಿ ಅವು ಕೋಟಿ ಕೋಟಿ ಇರುತ್ತವೆ. ಅವಕ್ಕೆ ಉಸಿರಾಡಲು ಬ್ಲೋವರ್‌ನಿಂದ ಗಾಳಿ ಕೊಡುತ್ತಲೇ ಇರಬೇಕು. ತಳಕ್ಕಿಳಿದ ಸ್ಲಡ್ಜಿನಲ್ಲಿ, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರಿನಲ್ಲಿ, ಒಂದು ಪಾಲನ್ನು ಮೊಸರಿಗೆ ಹೆಪ್ಪು ಉಳಿಸಿಕೊಂಡಂತೆ ಮತ್ತೆ ಟ್ಯಾಂಕಿಗೆ ಬಿಡಬೇಕು, ಜಾಸ್ತಿಯಾದದ್ದನ್ನು ಹೊರಗೆ ತೆಗೆಯಬೇಕು. ಎಷ್ಟು ಬಿಡಬೇಕು, ಎಷ್ಟು ತೆಗೆಯಬೇಕು ಅನ್ನುವುದೇ ಆಪರೇಟರ್‌ನ ವಿದ್ಯೆ.

ಅದನ್ನು ತಿಳಿಯುವ ಉಪಕರಣ ಒಂದು ಲೀಟರಿನ ಅಳತೆ ಸಿಲಿಂಡರ್. ಟ್ಯಾಂಕಿನ ನೀರನ್ನು ಅದರಲ್ಲಿ ತುಂಬಿ ಅಲ್ಲಾಡಿಸದೆ ಅರ್ಧ ಗಂಟೆ ಇಡಬೇಕು. ಕಂದು ಬಣ್ಣದ ಸ್ಲಡ್ಜ್ 300-400 ಮಿಲಿಲೀಟರ್ ಗೆರೆಗೆ ಇಳಿದು, ಮೇಲೆ ತಿಳಿ ನೀರು ನಿಂತು, ಮೂಗಿಗೆ ಹಸಿ ಮಣ್ಣಿನ ವಾಸನೆ ಬಂದರೆ ಆ ಪ್ಲಾಂಟ್ ಆರೋಗ್ಯವಾಗಿದೆ. 900ರ ಗೆರೆಯಲ್ಲೇ ನಿಂತರೆ ಏನೋ ಕೆಟ್ಟಿದೆ. ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಕಾಗಿಲ್ಲ. ರಾತ್ರಿ ಸದ್ದಾಗುತ್ತದೆ ಅಂತಲೋ ಕರೆಂಟ್ ಬಿಲ್ ಬರುತ್ತದೆ ಅಂತಲೋ ಬ್ಲೋವರ್ ಆರಿಸಿಡಲು ಹೇಳುವವರು ಇದ್ದಾರೆ. ಕಲಿತ ಆಪರೇಟರ್ ಆದರೆ ಸಿಲಿಂಡರ್ ತಂದು ಕಮಿಟಿಯವರ ಮುಂದಿಟ್ಟು, ನೋಡಿ ಸಾರ್, ನಿನ್ನೆ ಹೀಗಿತ್ತು ಇವತ್ತು ಹೀಗಾಗಿದೆ ಅಂತ ವಾದ ಮಾಡುತ್ತಾನೆ. ಕಲಿಯದವನು ಆಯ್ತು ಸಾರ್ ಅಂತ ಸ್ವಿಚ್ ಆರಿಸುತ್ತಾನೆ.

ಈ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಯೋಚಿಸಿ. ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದೇವೆ. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದು ದೊಡ್ಡ ಗಲಾಟೆಯಾಯಿತು. ಬೋರ್‌ವೆಲ್ ಬತ್ತಿದ್ದ ರೈತರಿಗೆ ಆ ನೀರು ಬೇಕು. ಅದು ಶುದ್ಧವಾಗಿರಬೇಕು ಅನ್ನುವುದೂ ಅವರ ಹಕ್ಕು. ಬೆಂಗಳೂರಿನ ಪ್ಲಾಂಟ್‌ಗಳಲ್ಲಿ ರಾತ್ರಿ ಪಾಳಿ ಮಾಡುವವನಿಗೆ ತನ್ನ ಕೆಲಸದ ಕೊನೆಯಲ್ಲಿ ಒಬ್ಬ ಕೋಲಾರದ ರೈತ ಇದ್ದಾನೆ ಅಂತ ಯಾರೂ ಹೇಳಿರುವುದಿಲ್ಲ. ತರಬೇತಿಯಲ್ಲಿ ಅವನನ್ನು ಒಂದು ಬಸ್ಸಿನಲ್ಲಿ ಕೂರಿಸಿ ಆ ಕೆರೆ ತೋರಿಸಿಕೊಂಡು ಬನ್ನಿ. ಪಾಠದ ಪುಸ್ತಕಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ಈಗ ಬರೆಯುವ ವಿಷಯಕ್ಕೆ ನನ್ನ ಕೈ ನಡುಗುತ್ತದೆ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆ ಹತ್ತಿರದ ಸೋಮಸುಂದರಪಾಳ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿ ಸ್ವಚ್ಛ ಮಾಡಲು ಹೋಗಿ ಮೂವರು ಉಸಿರುಗಟ್ಟಿ ಸತ್ತರು. ಇಂಥ ಸುದ್ದಿ ಅದೊಂದೇ ಅಲ್ಲ, ಮತ್ತೆ ಮತ್ತೆ ಬರುತ್ತದೆ. ಒಬ್ಬ ಟ್ಯಾಂಕಿಗೆ ಇಳಿಯುತ್ತಾನೆ, ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು ಮುಟ್ಟುವ ಹೊತ್ತಿಗೆ ಮೂಗು ಸತ್ತುಹೋಗುತ್ತದೆ. ವಾಸನೆಯೇ ಗೊತ್ತಾಗುವುದಿಲ್ಲ. ಇಳಿದವನು ಗಾಳಿ ಸರಿಯಾಯಿತು ಅಂದುಕೊಳ್ಳುತ್ತಾನೆ. ವಾಸನೆ ನಿಂತರೆ ಅಪಾಯ ಹೋಯಿತು ಅಂತಲ್ಲ, ಅಪಾಯ ಜಾಸ್ತಿಯಾಯಿತು ಅಂತಲೂ ಇರಬಹುದು. ಈ ಒಂದು ಮಾತು ಗೊತ್ತಿದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

2013ರ ಕಾನೂನು ಮಲಗುಂಡಿ, ಒಳಚರಂಡಿಗೆ ರಕ್ಷಣಾ ಸಾಧನವಿಲ್ಲದೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು. ಗ್ಯಾಸ್ ಡಿಟೆಕ್ಟರ್, ಗಾಳಿ ತುಂಬುವ ಬ್ಲೋವರ್, ಮೇಲಕ್ಕೆಳೆಯುವ ಹಗ್ಗ ಮತ್ತು ಬೆಲ್ಟ್, ಹೊರಗೆ ನಿಂತು ಕಾಯುವ ಒಬ್ಬ ಮನುಷ್ಯ. ಇವೆಲ್ಲ ಆ ಪರಿಹಾರದ ಮೊತ್ತದ ಒಂದು ಸಣ್ಣ ಪಾಲಿಗೆ ಸಿಗುತ್ತವೆ. ಅದಕ್ಕಿಂತ ಮುಖ್ಯ, ಇಳಿಯುವುದಿಲ್ಲ ಅಂತ ಹೇಳುವ ಧೈರ್ಯ. ಇಳಿಯದಿದ್ದರೆ ಕೆಲಸ ಹೋಗುತ್ತದೆ ಅಂತ ಹೆದರುವ ಹುಡುಗನಿಗೆ ಕಾನೂನು ನಿನ್ನ ಕಡೆ ಇದೆ ಅಂತ ತರಬೇತಿಯ ಮೊದಲ ದಿನವೇ ಹೇಳಬೇಕು.

ಇಲ್ಲಿ ಜಾತಿಯ ಮಾತನ್ನೂ ಮುಚ್ಚಿಡಬಾರದು. ಕೊಳಚೆ ನೀರಿನ ಕೆಲಸ ಅಂದರೆ ಇಂಥವರ ಮಕ್ಕಳೇ ಬರಲಿ ಅನ್ನುವ ಮನಸ್ಸು ಇನ್ನೂ ಇದೆ. ಬ್ಯಾಕ್ಟೀರಿಯಾ ಸಾಕುವ, ರಸಾಯನಶಾಸ್ತ್ರ ಗೊತ್ತಿರಬೇಕಾದ, ವಿದ್ಯುತ್ ಪ್ಯಾನಲ್ ಓದಬೇಕಾದ ಕೆಲಸವನ್ನು ಕೊಳಕು ಕೆಲಸ ಅಂತ ನೋಡಿದ್ದರಿಂದಲೇ ಅದಕ್ಕೆ ಸಂಬಳವೂ ಇಲ್ಲ, ತರಬೇತಿಯೂ ಇಲ್ಲ. ಪರೀಕ್ಷೆ, ಪ್ರಮಾಣಪತ್ರ, ಅದಕ್ಕೆ ತಕ್ಕ ವೇತನ ಬಂದರೆ ಎಲ್ಲ ಜಾತಿಯ ಹುಡುಗರೂ ಹುಡುಗಿಯರೂ ಬರುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿಕೊಂಡು ಬಂದವರಿಗೂ ಮೇಲಿನ ಹುದ್ದೆಗೆ ಹೋಗುವ ದಾರಿ ತೆರೆಯುತ್ತದೆ.

ಪ್ರಮಾಣಪತ್ರ ಅಂದ ಕೂಡಲೇ ನನಗೊಂದು ಭಯವೂ ಇದೆ. ಒಂದು ಸಭಾಂಗಣ, ಅರ್ಧ ದಿನದ ಭಾಷಣ, ಊಟ, ಗುಂಪು ಫೋಟೋ, ಎಲ್ಲರಿಗೂ ಒಂದೊಂದು ಹಾಳೆ. ಹೀಗಾದರೆ ಬೇಡವೇ ಬೇಡ. ಯಾಕೆ ಅನ್ನುವುದಕ್ಕೆ ಕೆನಡಾದ ಒಂದು ಊರಿನ ಕಥೆ ಹೇಳಲೇಬೇಕು.

ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಐದು ಸಾವಿರ ಜನರಿರುವ ಪುಟ್ಟ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಯಾಯಿತು. ಪಕ್ಕದ ಹೊಲದ ದನದ ಗೊಬ್ಬರದಲ್ಲಿದ್ದ ಇ. ಕೋಲಿ ಬ್ಯಾಕ್ಟೀರಿಯಾ ಊರಿಗೆ ನೀರು ಕೊಡುವ, ಹೆಚ್ಚು ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಅಲ್ಲಿ ಕ್ಲೋರಿನ್ ಬೇಕಾದಷ್ಟು ಹಾಕುತ್ತಿರಲಿಲ್ಲ. ನೀರಿನಲ್ಲಿ ಎಷ್ಟು ಉಳಿದಿದೆ ಅಂತ ದಿನಾ ಅಳೆಯಬೇಕಿತ್ತು. ಅಳೆಯದೆ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರು. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅಂದರೆ ಹತ್ತಿರ ಹತ್ತಿರ ಅರ್ಧ ಊರು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಸರ್ಕಾರಿ ಪ್ರಮಾಣಪತ್ರ ಇತ್ತು. ಹಳಬರು, ಅನುಭವ ಇದೆ ಅನ್ನುವ ಕಾರಣಕ್ಕೆ ಪರೀಕ್ಷೆಯಿಲ್ಲದೆ ಕೊಟ್ಟಿದ್ದು. ನೀರಿನ ಅಪಾಯ ಏನು ಅಂತ ಅವರಿಗೇ ತಿಳಿದಿರಲಿಲ್ಲ. ಕ್ಲೋರಿನ್ ಹಾಕದ ಬಾವಿ ನೀರನ್ನು ಅವರೂ ಕುಡಿಯುತ್ತಿದ್ದರು.

ಆ ಸರ್ಕಾರ ನ್ಯಾಯಾಂಗ ತನಿಖೆ ಮಾಡಿಸಿತು. 2002ರಲ್ಲಿ ಕುಡಿಯುವ ನೀರಿಗೆ ಹೊಸ ಕಾನೂನು ಬಂತು. 2004ರಲ್ಲಿ ಅದೇ ಊರಿನಲ್ಲಿ ಆಪರೇಟರ್‌ಗಳಿಗೆ ಕಲಿಸುವ ಒಂದು ಕೇಂದ್ರ ತೆರೆದರು. ಈಗ ಅಲ್ಲಿ ಪರೀಕ್ಷೆ ಬರೆದು ಮೊದಲು ತರಬೇತಿ ಆಪರೇಟರ್ ಆಗಬೇಕು, ಪ್ಲಾಂಟಿನಲ್ಲಿ ಅನುಭವ ಪಡೆಯಬೇಕು, ಆಮೇಲೆ ಹಂತ ಹಂತವಾಗಿ ಮೇಲಿನ ದರ್ಜೆ. ಪ್ರಮಾಣಪತ್ರ ಸಿಕ್ಕ ಮೇಲೂ ಪ್ರತಿ ವರ್ಷ ಇಂತಿಷ್ಟು ಗಂಟೆ ಕಲಿಯುತ್ತಲೇ ಇರಬೇಕು. ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ ನಾವೂ ಅಂಥದ್ದೊಂದು ಕೇಂದ್ರ ತೆರೆಯಬಹುದಲ್ವಾ?

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಗ್ರಾಮೀಣ ನೀರಿನ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿದ ರಾಜ್ಯ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತಲೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ತರಬೇತಿ ಸಂಸ್ಥೆ ಇದೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರಿಗೆ, ಸಾಧ್ಯವಾದಷ್ಟೂ ಮಹಿಳೆಯರಿಗೆ, ಕಿಟ್ ಬಳಸಿ ನೀರು ಪರೀಕ್ಷೆ ಮಾಡಲು ಕಲಿಸಬೇಕು ಅಂತಿದೆ. ನಲ್ ಜಲ್ ಮಿತ್ರ ಅನ್ನುವ ಕಾರ್ಯಕ್ರಮ ಪಂಪು, ಪ್ಲಂಬಿಂಗ್, ರಿಪೇರಿ ಎಲ್ಲ ಗೊತ್ತಿರುವವರನ್ನು ಹಳ್ಳಿಯಲ್ಲೇ ತಯಾರು ಮಾಡಲು ಬಂದಿದೆ. 1961ರಿಂದ ಅಪ್ರೆಂಟಿಸ್ ಕಾಯ್ದೆ ಇದೆ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವವರು ಬೇಕು. ಕಿಟ್ ಹಿಡಿದ ಆ ಮಹಿಳೆಯರ ಫಲಿತಾಂಶ ನೀರಗಂಟಿಯ ಕೈಗೆ ಅವತ್ತೇ ತಲುಪಬೇಕು. ಅವನಿಗೆ ಅದನ್ನು ಓದಲು ಬರಬೇಕು. ಆ ಐವರಲ್ಲೇ ಒಬ್ಬಾಕೆ ಆಪರೇಟರ್ ಆಗಲು ಏನು ಅಡ್ಡಿ?

ಬೇರೆ ಕ್ಷೇತ್ರಗಳಲ್ಲಿ ಇದು ಹೊಸದೇನಲ್ಲ. ನಮ್ಮ ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಬಾಯ್ಲರ್ ನೋಡಿಕೊಳ್ಳುವವನಿಗೆ ಸರ್ಕಾರದ ಪ್ರಮಾಣಪತ್ರ ಇರಲೇಬೇಕು. ವೈರಿಂಗ್ ಮಾಡುವವನಿಗೆ ಪರ್ಮಿಟ್ ಬೇಕು. ಬಾಯ್ಲರ್ ಸಿಡಿದರೆ ಗಿರಣಿಯಲ್ಲಿದ್ದವರಿಗೆ ಅಪಾಯ. ನೀರು ಕೆಟ್ಟರೆ ಊರಿಗೆ ಊರೇ ಮಲಗುತ್ತದೆ.

ತರಬೇತಿ ಹೇಗಿರಬೇಕು ಅಂತ ಕೇಳಿದರೆ ನನ್ನ ಅನುಭವದಿಂದ ಹೇಳುತ್ತೇನೆ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಕಂಡಿರದವನಿಗೆ ಪೂರ್ಣ ಪ್ರಮಾಣಪತ್ರ ಕೊಡಬಾರದು. ಅಲ್ಲಿಯವರೆಗೆ ಅವನು ಹಿರಿಯ ಆಪರೇಟರ್ ಜೊತೆ ಶಿಫ್ಟ್ ಮಾಡಲಿ, ಸ್ಟೈಪೆಂಡ್ ಅಲ್ಲ, ಸಂಬಳ ತೆಗೆದುಕೊಳ್ಳಲಿ. ಕಲಿಸುವ ಹಿರಿಯನಿಗೂ ಅದಕ್ಕೆ ಭತ್ಯೆ ಕೊಡಿ, ಆಗ ಅವನು ಮನಸ್ಸಿಟ್ಟು ಕಲಿಸುತ್ತಾನೆ. ಪರೀಕ್ಷೆಯಲ್ಲಿ ಕಾಗದ ಕಡಿಮೆ ಇರಲಿ. ಈ ಕೆಸರು ನೀರಿಗೆ ಎಷ್ಟು ಆಲಮ್ ಬೇಕು, ಮಾಡಿ ತೋರಿಸು. ಈ ಹಳೇ ಪೌಡರ್‌ನಿಂದ ಈ ಟ್ಯಾಂಕಿಗೆ ಎಷ್ಟು, ತೂಗಿ ತೋರಿಸು. ಕ್ಲೋರಿನ್ ಸಿಲಿಂಡರ್ ಸೋರುತ್ತಿದೆ ಅಂದುಕೋ, ಏನು ಮಾಡುತ್ತೀಯ? ಅಮೋನಿಯಾ ಬಟ್ಟೆ ಹಿಡಿದು ಬಿಳಿ ಹೊಗೆ ಎಲ್ಲಿ ಏಳುತ್ತದೆ ಅಂತ ಸೋರುವ ಜಾಗ ಹುಡುಕುವುದು, ಆ ಅನಿಲ ಗಾಳಿಗಿಂತ ಭಾರ ಆದ್ದರಿಂದ ತಗ್ಗಿಗೆ ಓಡದೆ ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ಹೋಗುವುದು, ಸೋರುವ ಜಾಗಕ್ಕೆ ನೀರು ಹಾಕದಿರುವುದು. ಇದನ್ನು ಮಾಸ್ಕ್ ಹಾಕಿಕೊಂಡು ಮಾಡಿ ತೋರಿಸಲಿ. ಟನ್ನರ್ ಅನ್ನುವ ಒಂದು ದೊಡ್ಡ ಸಿಲಿಂಡರ್‌ನಲ್ಲಿ 900 ಕಿಲೋ ಕ್ಲೋರಿನ್ ಇರುತ್ತದೆ, ಮತ್ತು ಪ್ಲಾಂಟಿನ ಗೋಡೆ ಆಚೆ ಮನೆಗಳಿರುತ್ತವೆ.

ಮ್ಯಾನುಯಲ್, ಪ್ಯಾನಲ್ಲಿನ ಹೆಸರುಗಳು, ಅಪಾಯದ ಸೂಚನೆಗಳು ಎಲ್ಲ ಕನ್ನಡದಲ್ಲಿರಲಿ. ಕ್ಲೋರಿನ್, ಆಲಮ್, ಬ್ಯಾಕ್‌ವಾಷ್ ಅನ್ನುವುದಕ್ಕೆ ಹೊಸ ಪದ ಹುಡುಕುವ ಕೆಲಸ ಬೇಡ. ನಾವು ಆಡುವ ಮಾತಿನಲ್ಲೇ ಬರೆದರೆ ಸಾಕು. ಈಗಾಗಲೇ ಕೆಲಸದಲ್ಲಿರುವವರನ್ನು ದಯವಿಟ್ಟು ತೆಗೆಯಬೇಡಿ. ಯಾವ ಪೈಪ್ ಎಲ್ಲಿ ಒಡೆಯುತ್ತದೆ, ಯಾವ ಬೀದಿಗೆ ಯಾವ ವಾಲ್ವ್ ಅನ್ನುವುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರಿಗೆ ಸಮಯ ಕೊಡಿ, ಕಲಿಸಿ, ಆಮೇಲೆ ಪರೀಕ್ಷೆ ಮಾಡಿ. ಒಂದು ಸಲ ಆಗದಿದ್ದರೆ ಮತ್ತೆ ಕಲಿಸಿ. ಪರೀಕ್ಷೆಯನ್ನೇ ಮನ್ನಾ ಮಾಡುವುದು ಮಾತ್ರ ಬೇಡ.

ಕೊನೆಯದಾಗಿ ಹೇಳುವುದು ನನಗೆ ಎಲ್ಲಕ್ಕಿಂತ ದೊಡ್ಡದು. ಇವತ್ತು ನೀರು ಬಿಡಲು ಆಗುವುದಿಲ್ಲ ಅಂತ ಹೇಳುವ ಅಧಿಕಾರ ಆಪರೇಟರ್‌ಗೆ ಬೇಕು. ಹೊಸ ನೀರು ಬಂದ ದಿನ ಫಿಲ್ಟರ್ ತಡೆಯುವುದಿಲ್ಲ, ಎರಡು ತಾಸು ನಿಲ್ಲಿಸಿ ಬ್ಯಾಕ್‌ವಾಷ್ ಮಾಡಬೇಕು. ಅಷ್ಟರಲ್ಲಿ ವಾರ್ಡಿನಿಂದ ಫೋನ್ ಬರುತ್ತದೆ. ಹಬ್ಬ ಇದೆ, ಮದುವೆ ಇದೆ, ಮೊದಲು ನೀರು ಬಿಡು. ಮೇಲಿನ ಸಾಹೇಬರೂ ಬಿಟ್ಟುಬಿಡಪ್ಪಾ ಅನ್ನುತ್ತಾರೆ. ಗುತ್ತಿಗೆ ನೌಕರ ಬಿಡುತ್ತಾನೆ. ಬಿಡದಿದ್ದರೆ ನಾಳೆ ಕೆಲಸ ಇರುವುದಿಲ್ಲ. ಎಷ್ಟೇ ಚೆನ್ನಾಗಿ ಕಲಿಸಿದರೂ ಈ ಫೋನಿನ ಮುಂದೆ ಕಲಿತದ್ದು ನಿಲ್ಲುವುದಿಲ್ಲ. ಮಸುಕು 5 ಎನ್‌ಟಿಯು ದಾಟಿದರೆ, ಕ್ಲೋರಿನ್ ಇಲ್ಲದಿದ್ದರೆ, ಪ್ರಮಾಣಪತ್ರ ಇರುವ ಆಪರೇಟರ್ ನೀರು ನಿಲ್ಲಿಸಬಹುದು, ಅದಕ್ಕಾಗಿ ಅವನ ಮೇಲೆ ಯಾರೂ ಕ್ರಮ ಕೈಗೊಳ್ಳುವಂತಿಲ್ಲ ಅಂತ ಒಂದು ಆದೇಶ ಹೊರಡಿಸಿ. ಟೆಂಡರ್ ಷರತ್ತಿನಲ್ಲೂ ಅದನ್ನು ಸೇರಿಸಿ. ಏಜೆನ್ಸಿ ಬದಲಾದರೂ ಕಲಿತ ಆಪರೇಟರ್ ಬದಲಾಗದಂತೆ ನೋಡಿಕೊಳ್ಳಿ.

ಊರಿನವರಿಗೂ ಒಂದು ಮಾತು. ಒಂದು ಹೊತ್ತು ನೀರು ತಡವಾದರೆ ಬೈಯುವ ಮೊದಲು ಯಾಕೆ ತಡ ಅಂತ ಕೇಳಿ. ನಿಮ್ಮೂರ ಪ್ಲಾಂಟಿಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಆರು ಬೀಕರ್ ಇಟ್ಟು ತೋರಿಸಲು ನಮಗೆ ಖುಷಿಯೇ.

ಮುಂದಿನ ಮುಂಗಾರಿಗೆ ಮೊದಲು ಒಂದೇ ಒಂದು ಜಿಲ್ಲೆಯಲ್ಲಿ ಶುರು ಮಾಡಿ. ಕುಡಿಯುವ ನೀರಿನ ಒಂದು ಪ್ಲಾಂಟ್, ಒಂದು ಎಸ್‌ಟಿಪಿ, ಕೆಲವು ಪಂಚಾಯಿತಿಗಳು. ಪಾಠ ಬರೆಯುವ ಸಮಿತಿಯಲ್ಲಿ ಎಂಜಿನಿಯರ್‌ಗಳ ಜೊತೆ ನಮ್ಮಂಥ ನಾಲ್ಕು ಜನ ಆಪರೇಟರ್‌ಗಳಿಗೂ ಕುರ್ಚಿ ಹಾಕಿಸಿ. ಕರೆದರೆ ನಾನು ಶಿಫ್ಟ್ ಬದಲಾಯಿಸಿಕೊಂಡು ಬರುತ್ತೇನೆ, ಬಸ್ ಚಾರ್ಜ್ ಕೂಡ ಕೇಳುವುದಿಲ್ಲ. ಈ ಪತ್ರಕ್ಕೆ ಒಂದು ಸಾಲಿನ ಉತ್ತರ ಬಂದರೂ ಅದನ್ನು ನಮ್ಮ ಪ್ಲಾಂಟಿನ ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ, ಎಲ್ಲ ಶಿಫ್ಟಿನವರೂ ಓದಲಿ.

ಇಂತಿ ತಮ್ಮ ವಿಶ್ವಾಸಿ,
ತುಂಗಭದ್ರೆ ದಂಡೆಯ ಒಬ್ಬ ಪ್ಲಾಂಟ್ ಆಪರೇಟರ್